ಬಾಳ್ಳುಪೇಟೆಯಿಂದ ಬಂದ ಸಿಲ್ವರ್ ಮರ

ಮೊದಲು ನಾನು ಮಾಡಿದ ಘನಂದಾರಿ ಕೆಲಸ ಹೇಳ್ಬುಡ್ತೀನಿ. ಬೇರೆಯವ್ರ ಬಾಯಲ್ಲಿ ಕೇಳಿದ್ರೆ ಅದಕ್ಕೆ ಇನ್ನೊಂದಿಷ್ಟು ಕೋಡು ಬಾಲ ಸೇರ್ಕಂಡಿರ್ತವೆ. ನಮ್ಮೂರ ವಾಲಿಬಾಲ್ ಟೀಮು ಗೆಲ್ಲೋಕೆ ಒಂದೇ ಪಾಯಿಂಟ್ ಬಾಕಿ ಇತ್ತು. ನಮ್ಮೋರೇ ಒಬ್ರು ಸರ್ವಿಸ್ ಮಾಡೋಕೆ ಅಂತ ಚೆಂಡು ಮೇಲಕ್ಕೆ ಹಾರಿಸಿದ್ರು. ಚೆಂಡು ಇನ್ನೂ ಗಾಳೀಲಿರೋವಾಗ್ಲೇ ನಾನು ಕೈಲಿದ್ದ ಕೋಲನ್ನ ಜಿಂಕ್ ತಗಡಿನ ಮೇಲೆ 'ಕರ್ರ್' ಅಂತ ಎಳೆದುಬುಟ್ಟೆ. ಅವರು ಬೆಚ್ಚಿಬಿದ್ದು ಹೊಡೆದ್ರು. ಚೆಂಡು ನೆಟ್ಟಿಗೆ ಹೋಗಿ ಒಂದ್ ಗಳಿಗೆ ಬಾವಲಿ ಥರ ನೇತಾಕ್ಕಂಡಂಗೆ ಕಾಣ್ತು, ಆಮೇಲೆ ನಮ್ಮ ಕಡೆಗೇ ಬಿತ್ತು. ಅಲ್ಲಿಂದಾಚೆಗೆ ನಮಗೆ ಒಂದು ಪಾಯಿಂಟೂ ಸಿಗಲಿಲ್ಲ. ಸೋತ್ವಿ.

ಆಟ ಮುಗಿದ ಮೇಲೆ ಎದುರು ಟೀಮಾದ ಆನೇಮಹಲ್‌ನವ್ರು ನನ್ನ ಹುಡುಕ್ಕಂಡು ಬಂದು ಕೈ ಕುಲುಕಿದ್ರು. ಅವರ ಕ್ಯಾಪ್ಟನ್ನು, "ಮುಂದಿನ ವರ್ಷಾನೂ ನೀವು ತಪ್ಪದೆ ಬರ್ಬೇಕು ಸಾರ್," ಅಂದ. ನನ್ನ ಜೀವಮಾನದಲ್ಲಿ ಯಾರಾದ್ರೂ ನನ್ನ ಸಾರ್ ಅಂದಿದ್ದು ಅದೇ ಮೊದಲು.

ಬೇಕಂತ ಮಾಡಿದ್ದಲ್ಲ. ಕೈ ತಾನಾಗೇ ಹೋಯ್ತು. ವರ್ಷಾನುಗಟ್ಟಲೆ ಆ ಮನುಷ್ಯ ಬೇರೆ ಊರಿನ ಟೀಮಲ್ಲಿ ಸರ್ವಿಸ್‌ಗೆ ನಿಂತಾಗೆಲ್ಲ ಎಳೆದೂ ಎಳೆದೂ ಆ ಕೈಗೆ ಅದೊಂದೇ ಕೆಲಸ ಗೊತ್ತಿತ್ತು. ಅವರು ನಮ್ಮ ಟೀಮಿಗೆ ಬಂದಿದ್ದಾರೆ ಅನ್ನೋದು ನನ್ನ ತಲೆಗೆ ತಿಳಿದಿತ್ತು, ಕೈಗೆ ಯಾರೂ ಹೇಳಿರ್ಲಿಲ್ಲ.

ಈ ಸಲದಿಂದ ಅವರು ಆಡಲ್ವಂತೆ, ಮಂಡಿ ಕೈಕೊಟ್ಟಿದ್ಯಂತೆ ಅಂತ ಮೊನ್ನೆ ಕೇಳ್ದೆ. ಅದಕ್ಕೇ ಇದನ್ನೆಲ್ಲ ಬರೀತಾ ಇರೋದು. ಮಾತಾಡಿ ಹೇಳ್ಬೋದಿತ್ತು, ಆದ್ರೆ ನಮ್ಮ ಯುವಕ ಸಂಘದವ್ರು ನನ್ನ ಕೈಗೆ ಮೈಕ್ ಕೊಡಬಾರದು ಅಂತ ಒಕ್ಕೊರಲಿಂದ ತೀರ್ಮಾನ ಮಾಡವ್ರೆ. ಸಂಘದಲ್ಲಿ ಒಮ್ಮತದಿಂದ ಆದ ತೀರ್ಮಾನ ಅದೊಂದೇ.

ನಮ್ಮೂರು ಕೆ. ಹೊಸಕೋಟೆಯಿಂದ ಒಂದಷ್ಟು ಒಳಕ್ಕೆ. ಕಾಫಿ ಕುಯ್ಲು ಮುಗಿದು, ಒಣಗಿಸಿದ್ದೆಲ್ಲ ಮೂಟೆ ಕಟ್ಟಿ ಕಣ ಖಾಲಿಯಾದ ಕೂಡ್ಲೆ ನಮ್ಮ ಕಡೆ ವಾಲಿಬಾಲ್ ಶುರು. ಒಂದೊಂದು ವಾರ ಒಂದೊಂದು ಎಸ್ಟೇಟಿನ ಕಣದಲ್ಲಿ ಮ್ಯಾಚು. ಮಳೆ ಹಿಡಿಯೋವರೆಗೆ ಊರಿಗೆ ಬೇರೆ ಮಾತಿಲ್ಲ. ಪ್ರತಿ ವರ್ಷ ಚೆನ್ನಾಗೇ ಆಡ್ಕಂಡು ಹೋಗ್ತಿದ್ವಿ, ಬಾಳ್ಳುಪೇಟೆ ಟೀಮು ಎದುರಾಗ್ತಿತ್ತು, ಅಲ್ಲಿಗೆ ಮುಗೀತಿತ್ತು. ಬಾಳ್ಳುಪೇಟೆ ಟೀಮು ಅಂದ್ರೆ, ಆಮೇಲೆ ನಾನು ತಗಡು ಎಳೆದು ಬೆಚ್ಚಿಬೀಳ್ಸಿದ್ನಲ್ಲ, ಅವರೊಬ್ರೇ. ಎಂಥಾ ಎತ್ತರ ಅಂದ್ರೆ, ನೆಟ್ಟಿನ ಆ ಕಡೆ ನಿಂತು ನಮ್ಮ ಟೀಮಲ್ಲಿ ಯಾರು ತಲೆ ಬಾಚಿಲ್ಲ ಅಂತ ನೋಡೋರು. ಅವರು ಹಾರಿ ಸ್ಮ್ಯಾಶ್ ಹೊಡೆದ್ರೆ ಚೆಂಡು ಬಂದು ಬಡಿಯೋ ಜಾಗದಲ್ಲಿ ನಿಲ್ಲೋಕೆ ನಮ್ಮೋರು ಚೀಟಿ ಎತ್ತೋರು.

ನಾನು ಒಂದ್ಸಲ ಆಡಿದ್ದೆ. ಮೊದಲನೇ ಚೆಂಡೇ ನನ್ನ ಮೂಗಿನ ಮೇಲೆ ಬಿತ್ತು. ಆಮೇಲೆ ನಮ್ಮ ಕ್ಯಾಪ್ಟನ್ ಗಣೇಶಣ್ಣ ನನ್ನ ಪಕ್ಕಕ್ಕೆ ಕರೆದು, "ನೋಡಪ್ಪ, ನಿನಗೆ ಬಾಯಿ ಚೆನ್ನಾಗೈತೆ, ಆಚೆ ನಿಂತ್ಕಂಡು ಅದನ್ನ ಬಳಸು," ಅಂದ್ರು. ಗಣೇಶಣ್ಣನಿಗೆ ಒಂದು ಜೀಪಿತ್ತು, ಟೀಮು ಓಡಾಡೋದು ಅದರಲ್ಲೇ. ಹಂಗಾಗಿ ಗಣೇಶಣ್ಣ ಹೇಳಿದ್ದೇ ಆಗ್ಬೇಕಿತ್ತು.

ಬಳಸಿದೆ. ಬಿದ್ದೋದ ಕೊಟ್ಟಿಗೆಯಿಂದ ಒಂದು ಜಿಂಕ್ ತಗಡು ತಂದೆ. ಅಲೆ ಅಲೆ ಇರ್ತದಲ್ಲ, ಅಂಥದ್ದು. ಅದರ ಮೇಲೆ ಕೋಲು ಎಳೆದ್ರೆ ಇಬ್ರು ಆಳು ಹಿಡಕಂಡು ಮರಕ್ಕೆ ಗರಗಸ ಹಾಕ್ದಂಗೇ ಕೇಳ್ತದೆ. ಕಾಫಿ ತೋಟದಲ್ಲಿ ನೆರಳಿಗೆ, ಮೆಣಸು ಹಬ್ಬಿಸೋಕೆ ಅಂತ ಬೆಳೆಸೋ ಸಿಲ್ವರ್ ಮರದಂಗೇ ಎತ್ತರಕ್ಕೆ, ನೇರಕ್ಕೆ, ಕೊಂಬೆ ಇಲ್ದಂಗೆ ಬೆಳ್ದಿದ್ರಿಂದ ಆ ಮನುಷ್ಯನಿಗೆ ಸಿಲ್ವರ್ ಮರ ಅಂತ ಹೆಸರಿಟ್ಟೆ. ಅವರು ಸರ್ವಿಸ್‌ಗೆ ನಿಂತ್ರೆ ನಾನು ಕರ್ರ್, ಕರ್ರ್. ಹಿಂದೆ ನಮ್ಮೂರೆಲ್ಲ ರಾಗವಾಗಿ, "ಉರುಳ್ತೋ, ಉರುಳ್ತೋ, ಸಿಲ್ವರ್ ಮರ ಉರುಳ್ತೋ." ಹೆಂಗಸರು, ಮಕ್ಕಳು, ಪೋಸ್ಟ್‌ಮನ್ನು, ಎಲ್ರೂ. ಮರ ಉರುಳ್ತಿದ್ದಿದ್ದು ಅಪರೂಪ. ಉರುಳಿದ ದಿನ ಮ್ಯಾಚ್ ಸೋತಿದ್ರೂ ನಾವು ಗೆದ್ದಷ್ಟೇ ಖುಷಿಯಾಗಿ ಮನೆಗೆ ಬತ್ತಿದ್ವಿ.

ಅವರದ್ದು ಒಂದು ಅಭ್ಯಾಸ. ಸರ್ವಿಸ್‌ಗೆ ಮುಂಚೆ ಬಗ್ಗಿ ಅಂಗೈನ ನೆಲಕ್ಕೆ ಒತ್ತೋರು, ಆಮೇಲೆ ಆ ಮಣ್ಣು ಕೈನ ಕತ್ತಿನ ಹಿಂದೆ ಒರೆಸ್ಕಳೋರು. ಒಂದ್ಸಲ ತಗಡಿನ ಕಡೆ ನೋಡೋರು. ಕೋಪದಿಂದ ಅಲ್ಲ. ಪಕ್ಕದ ಮನೆ ರೇಡಿಯೋ ಸ್ವಲ್ಪ ಜೋರಾಗಿದ್ರೆ ನೋಡ್ತೀವಲ್ಲ, ಅಷ್ಟೇ. ಅದು ನನ್ನ ಹೊಟ್ಟೆ ಇನ್ನೂ ಉರಿಸ್ತಿತ್ತು.

ಇಂಥಾ ಮನುಷ್ಯ ಒಂದಿನ ನಮ್ಮ ಪಕ್ಕದ ಮನೆಗೆ ಹೆಣ್ಣು ನೋಡೋಕೆ ಬಂದುಬುಟ್ರು.

ಪಕ್ಕದ ಮನೆ ಅಂದ್ರೆ ಕಮಲತ್ತೆ ಮನೆ. ಅವರ ಯಜಮಾನ್ರು ತೀರ್ಕಂಡು ಬಾಳ ವರ್ಷ ಆಗಿತ್ತು. ಮೂರೆಕರೆ ಕಾಫಿ, ಎರಡು ಹಸ, ಒಬ್ಬಳೇ ಮಗಳು ಸುಮಕ್ಕ. ಮನೆಗೇ ಬಂದು ಇರೋ ಅಳಿಯ ಬೇಕು ಅಂತ ಕಮಲತ್ತೆ ಎಲ್ಲ ಕಡೆ ಹೇಳಿಟ್ಟಿದ್ರು. ಗಂಡಿನ ಫೋಟೋ ಬಂದಿತ್ತು, ಆದ್ರೆ ಅದು ಬರೀ ಭುಜದ ತನಕ. ಎತ್ತರ ಯಾರಿಗೆ ಗೊತ್ತಾಗ್ಬೇಕು? ಆವತ್ತು ಕುರ್ಚಿ ಹೊರೋ ಕೆಲಸ ನಂದು. ಎರಡು ಕುರ್ಚಿ ಎತ್ಕಂಡು ನಡುಮನೇಲಿ ನಿಂತಿದ್ದೆ. ಬಾಗಿಲಲ್ಲಿ ಬೆಳಕು ಮರೆಯಾಯ್ತು. ಒಬ್ರು ಸೊಂಟದಿಂದ ಬಗ್ಗಿ ಒಳಕ್ಕೆ ಬಂದ್ರು, ನೆಟ್ಟಗಾದ್ರು, ತೊಲೆಗೆ ತಲೆ ತಾಗಿಸ್ಕಂಡ್ರು. ನಾನು ಕುರ್ಚಿ ಎರಡನ್ನೂ ನನ್ನ ಕಾಲ ಮೇಲೇ ಇಳಿಸ್ದೆ.

ಅವರೂ ನನ್ನ ಗುರ್ತು ಹಿಡಿದ್ರು. "ಏನ್ ಮಾರಾಯ, ಇವತ್ತು ತಗಡು ತಂದಿಲ್ವಾ?" ಅಂದ್ರು.

ಕಾಫಿ ತಂದ ಸುಮಕ್ಕನ್ನ ಏನಾದ್ರೂ ಕೇಳಪ್ಪ ಅಂತ ಹಿರಿಯರು ಒತ್ತಾಯ ಮಾಡಿದ್ರು. ಅಡಿಗೆ ಬತ್ತದಾ, ಹಾಡು ಬತ್ತದಾ ಅಂತೆಲ್ಲ ಕೇಳೋದು ವಾಡಿಕೆ. ಇವರು, "ನೀವೂ ಮ್ಯಾಚಿಗೆ ಬತ್ತಿದ್ರಾ?" ಅಂದ್ರು.

ಸುಮಕ್ಕ ತಲೆ ಬಗ್ಗಿಸ್ಕಂಡೇ, "ಬತ್ತಿದ್ದೆ," ಅಂದ್ಲು.

"ಉರುಳ್ತೋ ಅಂತಿದ್ರಾ?"

"ಅಂತಿದ್ದೆ. ಜೋರಾಗಿ."

ಕಮಲತ್ತೆ ಮುಖ ಬಿಳಿಚ್ಕಂತು. ಗಂಡು ಮಾತ್ರ ಲೋಟ ಕೆಳಗಿಟ್ಟು ಬಿದ್ದು ಬಿದ್ದು ನಕ್ರು. ಮದುವೆ ಆಗೋಯ್ತು.

ಈಗ ನಮ್ಮ ಕಷ್ಟ ಕೇಳಿ. ನಮ್ಮ ಬೀದಿ ಹುಡುಗೀನ ಕಟ್ಕಂಡ ಗಂಡು ಬೀದಿಗೆಲ್ಲ ಭಾವ. ಭಾವನ್ನ ಊಟಕ್ಕೆ ಕೂತಾಗ ಎಷ್ಟು ಬೇಕಾದ್ರೂ ರೇಗಿಸ್ಬೋದು. ಆದ್ರೆ ನಾಲ್ಕು ಜನದ ಮುಂದೆ ಹಳಿದ್ರೆ ಮರ್ಯಾದೆ ಹೋಗೋದು ನಮ್ಮೂರ ಹುಡುಗೀದೇ. ಅದರಲ್ಲೂ ಮನೆಗೇ ಬಂದಿರೋ ಅಳಿಯ ಅಂದ್ರೆ ಒಂದು ಮಾತು ಹೆಚ್ಚು ಕಮ್ಮಿ ಆಗೋ ಹಂಗಿಲ್ಲ. ಅಂದ್ರೆ ಇಷ್ಟು ವರ್ಷ ಬಾಯ್ತುಂಬ ಬೈದ ಮನುಷ್ಯನ್ನ ಈಗ "ಬನ್ನಿ ಭಾವ, ಕೂತ್ಕಳಿ ಭಾವ" ಅನ್ಬೇಕು. ಹೆಂಗೆ ಅನ್ನೋದು? ನಾವು ಒಂದು ಉಪಾಯ ಮಾಡಿದ್ವಿ. ಮಾತೇ ಆಡ್ಲಿಲ್ಲ.

ಭಾವ ಬಾಳ್ಳುಪೇಟೇಲಿ ಹೈವೇ ಪಕ್ಕ ಒಬ್ಬರ ಟೈರ್ ಅಂಗಡೀಲಿ ಕೆಲಸಕ್ಕಿದ್ದೋರು. ನಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ಸ್ವಂತಕ್ಕೆ ಒಂದು ಪಂಕ್ಚರ್ ಅಂಗಡಿ ಹಾಕಿದ್ರು. ಅಲ್ಲೀವರೆಗೆ ಪಂಕ್ಚರ್ ಆದ್ರೆ ನಾವು ಗಾಡಿ ತಳ್ಳಿಕೊಂಡು ಹೊಸಕೋಟೆಗೇ ಹೋಗ್ಬೇಕಿತ್ತು. ಊರಿಗೆ ಅಂಗಡಿ ಬಂದ ಮೇಲೂ ನಾವು ತಳ್ಳಿಕೊಂಡು ಹೊಸಕೋಟೆಗೇ ಹೋದ್ವಿ. ಸ್ವಾಭಿಮಾನ. ನನ್ನ ಮೊಪೆಡ್ಡು ಒಂದಿನ ಸರಿಯಾಗಿ ಅವರ ಅಂಗಡಿ ಮುಂದೇ ಗಾಳಿ ಬಿಡ್ತು. ನಾನು ಇಳಿದು, ಏನೂ ಆಗಿಲ್ಲ ಅನ್ನೋ ಥರ ತಳ್ಳೋಕೆ ಶುರು ಮಾಡ್ದೆ. ಭಾವ ನೀರಿನ ತೊಟ್ಟಿ ಹತ್ರ ಕುಕ್ಕರುಗಾಲಲ್ಲಿ ಕೂತಿದ್ರು.

"ಯಾಕ್ ಮಾರಾಯ, ಹತ್ತಲ್ವಾ ಗಾಡೀನ?"

"ಡಾಕ್ಟ್ರು ನಡಿ ಅಂದವ್ರೆ ಭಾವ."

"ಗಾಡೀಗೂ ನಡಿ ಅಂದವ್ರಾ?"

ಏರು ಹತ್ತೋವಾಗ ನನ್ನ ನಾಲಿಗೆ ಚೈನಿಗೆ ಸಿಕ್ಕೋಷ್ಟು ಆಚೆ ಬಂದಿತ್ತು. ಹಿಂದಕ್ಕೆ ತಿರುಗಿ ನೋಡ್ದೆ. ಅವರು ಒಂದು ಸೈಕಲ್ ಟ್ಯೂಬನ್ನ ನೀರಲ್ಲಿ ಮುಳುಗಿಸಿ, "ಎಲ್ಲೈತೆ ಮಾರಾಯ, ಹೇಳ್ಬುಡು," ಅಂತ ಮಾತಾಡ್ತಾ ಇದ್ರು. ಭಾವ ಎಲ್ಲದರ ಹತ್ರಾನೂ ಮಾತಾಡೋರು. ಟ್ಯೂಬು, ಹಸ, ಕುದೀತಾ ಇರೋ ಹಾಲು. ಹಸ ಒದ್ರೆ, "ಸರಿ, ನಿಂದೇನು ಕಷ್ಟಾನೋ," ಅನ್ನೋರು. ಆ ಸೈಕಲ್ಲೂ ಅವರದ್ದೇ ಅಂತ ಆಮೇಲೆ ಗೊತ್ತಾಯ್ತು. ಕೆಲಸ ಇಲ್ದೆ ಕೂರೋಕಾಗ್ದೆ ಅವರ ಸೈಕಲ್ಲನ್ನೇ ಬಿಚ್ಚಿ ಬಿಚ್ಚಿ ಹಾಕೋರಂತೆ.

ಅವರನ್ನ ಟೀಮಿಗೆ ಸೇರಿಸ್ಕಂಡಿದ್ದು ಪ್ರೀತಿಯಿಂದಲ್ಲ. ನಮ್ಮ ಸ್ಮ್ಯಾಶ್ ಹೊಡೆಯೋ ಹುಡುಗ ಸಕಲೇಶಪುರದ ಆಚೆ ಒಂದು ಎಸ್ಟೇಟಿಗೆ ಲೆಕ್ಕ ಬರೆಯೋ ರೈಟರ್ ಆಗಿ ಹೋಗ್ಬುಟ್ಟ. ಬೇರೆ ಗತಿ ಇರ್ಲಿಲ್ಲ. ಗಣೇಶಣ್ಣ ಹೋಗಿ ಕೇಳಿದ್ರು, ಅದೂ ಮುಖ ಬೇರೆ ಕಡೆ ತಿರುಗಿಸ್ಕಂಡು. ಭಾವ ಹೂಂ ಅಂದ್ರು. ಮೊದಲನೇ ದಿನ ಪ್ರಾಕ್ಟೀಸಿಗೆ ಬಂದೋರು ನಮ್ಮ ಚೆಂಡು ಹಿಡಿದು ಕಿವಿ ಹತ್ರ ಇಟ್ಕಂಡ್ರು. "ಉಸಿರು ಬಿಡ್ತಾ ಐತೆ," ಅಂದ್ರು. ಮಾರನೇ ದಿನ ಅದರ ಬ್ಲಾಡರ್‌ಗೆ ಸೈಕಲ್ ಟ್ಯೂಬಿನ ಪ್ಯಾಚ್ ಬಿದ್ದಿತ್ತು. ನಮ್ಮೋರು ಮುಖ ಗಂಟು ಹಾಕ್ಕಂಡೇ ಆಡಿದ್ರು. ಚೆಂಡು ಮಾತ್ರ ಚೆನ್ನಾಗಿ ಪುಟೀತಿತ್ತು.

ಆಮೇಲೆ ಬಂದಿದ್ದೇ ಆನೇಮಹಲ್ ವಿರುದ್ಧದ ಆ ಮ್ಯಾಚು, ನನ್ನ ತಗಡು, ನಮ್ಮ ಸೋಲು.

ತಪ್ಪು ನಂದು ಅಂತ ನಾನು ಎಲ್ರಿಗೂ ಹೇಳ್ದೆ. ಯಾರೂ ಒಪ್ಲಿಲ್ಲ. ಜೀವನದಲ್ಲಿ ಮೊದಲನೇ ಸಲ ನಾನು ತಪ್ಪು ಒಪ್ಕಂಡ್ರೆ ಅದನ್ನ ತಗಳೋರೇ ಇಲ್ಲ. "ವರ್ಷಾನುಗಟ್ಟಲೆ ನೀನು ಎಳೆದಾಗ ಬೀಳ್ದೆ ಇದ್ದೋನು ಇವತ್ತು ನಮ್ಮ ಕಡೆ ಬಂದ ಮೇಲೆ ಬಿದ್ದುಬುಟ್ನಾ?" ಅಂದ್ರು ಗಣೇಶಣ್ಣ. "ಮೈ ಇಲ್ಲೈತೆ, ಮನಸು ಬಾಳ್ಳುಪೇಟೇಲೈತೆ ಕಣೋ. ನೋಡ್ತಿರು, ಮುಂದೆ ಬಾಳ್ಳುಪೇಟೆ ಮೇಲೆ ಆಡೋವಾಗ ಇನ್ನೂ ಚೆಂದ ಆಡ್ತಾನೆ. ಆ ಕಡೆಗೆ."

ಎರಡು ದಿನ ಬಿಟ್ಟು ಯಾರೋ ಒಂದು ತುಕ್ಕು ಹಿಡಿದ ಗರಗಸನ ಭಾವನ ಅಂಗಡಿ ಬಾಗಿಲಿಗೆ ಒರಗಿಸಿಟ್ಟಿದ್ರು. ನಾನಲ್ಲ. ನಾನಲ್ಲ ಅಂತ ನಮ್ಮವ್ವನೇ ನಂಬ್ಲಿಲ್ಲ.

ಆವತ್ತು ಸಂಜೆ ಸುಮಕ್ಕ ಬೇಲಿ ಹತ್ರ ನನ್ನ ಕರೆದ್ಲು. ಅವಳು ಬೈದಿದ್ರೆ ಚೆನ್ನಾಗಿತ್ತು, ಬೈಲಿಲ್ಲ.

"ನಮ್ಮನೆಯವ್ರು ಹೊಂಟು ಹೋಗಾಣ ಅಂತವ್ರೆ ಕಣೋ," ಅಂದ್ಲು. "ಹಳೇ ಅಂಗಡಿಯವ್ರು ಕೆಲಸ ಇನ್ನೂ ಹಂಗೇ ಇಟ್ಟವ್ರಂತೆ. ಬಾಳ್ಳುಪೇಟೆ ಮ್ಯಾಚೊಂದು ಆಗ್ಲಿ, ನಡುವಲ್ಲಿ ಬಿಟ್ರೆ ಹೆದರಿ ಓಡ್ದ ಅಂತಾರೆ, ಅದು ಮುಗಿದ ಮೇಲೆ ಅಲ್ಲೇ ಮನೆ ಮಾಡಾಣ ಅಂದ್ರು."

"ಕಮಲತ್ತೆ?"

"ಅವ್ವ ಬತ್ತದಾ? ತೋಟ ಹಸ ಬಿಟ್ಟು ಒಂದಿನ ಹಾಸನಕ್ಕೆ ಬಾ ಅಂದ್ರೆ ಬರಲ್ಲ. ನಾನು ಇಲ್ಲಿರ್ಲಾ, ಅವರ ಜೊತೆ ಹೋಗ್ಲಾ, ನೀನೇ ಹೇಳು." ಸೆರಗಲ್ಲಿ ಕೈ ಒರೆಸ್ಕಂಡ್ಲು. "ಅವರು ಯಾರನ್ನೂ ಬೈಲಿಲ್ಲ. ಆ ಗರಗಸ ತಂದು ಎಣ್ಣೆ ಹಚ್ಚಿ ಕೊಟ್ಟಿಗೇಲಿ ಇಟ್ರು. ಚೆನ್ನಾಗೈತೆ, ಕೆಲಸಕ್ಕೆ ಬತ್ತದೆ ಅಂದ್ರು. ಅದು ನೋಡಿ ನಂಗೆ ಅಳು ಬಂತು."

ನಾನು ಮನೆಗೆ ಬಂದು ತಗಡನ್ನ ಕೋಳಿಗೂಡಿನ ಮೇಲೆ ಹಾಸ್ದೆ. ಇನ್ಮುಂದೆ ಮನುಷ್ಯನಾಗ್ಬೇಕು, ಹೆಂಗಾದ್ರೂ ಭಾವನ್ನ ಉಳಿಸ್ಕಬೇಕು ಅಂತ ತೀರ್ಮಾನ ಮಾಡ್ದೆ. ನನ್ನ ಬುದ್ಧಿಗೆ ಹೊಳೆದ ದಾರಿ ಇದು. ಭಾವನ ಅಂಗಡಿಗೆ ಗಿರಾಕಿ ಇಲ್ಲ. ಗಿರಾಕಿ ಬಂದ್ರೆ ಮನಸು ನಿಲ್ತದೆ. ಹಿತ್ತಲಲ್ಲಿ ಕೂತು ನನ್ನ ಮೊಪೆಡ್ ಟೈರಿಗೆ ನಾನೇ ಒಂದು ಮೊಳೆ ಹೊಡೆದೆ, ಊರೆಲ್ಲ ನೋಡ್ಲಿ ಅಂತ ನಡುಬೀದೀಲಿ ತಳ್ಳಿಕೊಂಡು ಹೋದೆ.

ಭಾವ ಟೈರ್ ಬಿಚ್ಚಿದ್ರು, ಮೊಳೆ ಕಿತ್ರು, ಬೆಳಕಿಗೆ ಹಿಡಿದು ನೋಡಿದ್ರು. ಆ ಮೊಳೆಗೆ ಒಂಚೂರೂ ಮಣ್ಣಿಲ್ಲ, ತುಕ್ಕಿಲ್ಲ. ಫಳಫಳ ಅಂತಿತ್ತು. ಟ್ಯೂಬಿಗೆ, "ಪಾಪ, ನಿಂದೇನೂ ತಪ್ಪಿಲ್ಲ ಮಾರಾಯ," ಅಂದ್ರು. ಪ್ಯಾಚ್ ಹಾಕಿ, ಗಾಳಿ ತುಂಬಿ, ಮೊಳೆನ ಒರೆಸಿ ನನ್ನ ಅಂಗೈ ಮೇಲಿಟ್ರು.

"ಇಟ್ಕ. ನಾಳೆಗೆ ಬೇಕಾಗ್ತದೆ."

ನಾನು ಮೊಪೆಡ್ ಹತ್ತೋ ಬದಲು ಮತ್ತೆ ತಳ್ಳಿಕೊಂಡೇ ಹೋದೆ. ಅಷ್ಟು ನಾಚಿಕೆ ಆಗಿತ್ತು.

ಬಾಳ್ಳುಪೇಟೆ ಮ್ಯಾಚು ಒಂದು ಭಾನುವಾರ ಮಧ್ಯಾಹ್ನ ಆಲೂರಿನ ಮೈದಾನದಲ್ಲಿ ಇತ್ತು. ಗಣೇಶಣ್ಣನ ಜೀಪಲ್ಲಿ ಟೀಮು, ಹಿಂದೆ ಒಂದು ಪಿಕಪ್‌ನಲ್ಲಿ ನಾವು. ಜೀಪಲ್ಲಿ ಭಾವ ಕಾಲು ಮಡಚಿ, ಕತ್ತು ಬಗ್ಗಿಸಿ ಮೂಲೇಲಿ ಕೂತಿದ್ರು. ಅವರ ಪಕ್ಕ ಒಬ್ಬರು ಕೂರೋ ಜಾಗ ಹಂಗೇ ಖಾಲಿ ಇತ್ತು. ಉಳಿದೋರು ಒಬ್ಬರ ತೊಡೆ ಮೇಲೆ ಒಬ್ಬರು.

ಬಾಳ್ಳುಪೇಟೆಯವ್ರು ಲಾರೀಲಿ ಬಂದಿದ್ರು. ಮೊದಲನೇ ಸೆಟ್ಟು ಭಾವನ ಹೊಡೆತದಲ್ಲೇ ಗೆದ್ವಿ. ನಮ್ಮ ಕಡೆ ಒಬ್ರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಪಕ್ಕ ಇದ್ದೋನು, "ನಾಟಕ ಕಣೋ, ಕೊನೇಲಿ ಕೈ ಕೊಡ್ತಾನೆ," ಅಂದ. ಎರಡನೇದು ಸೋತ್ವಿ. "ನೋಡ್ದಾ?" ಅಂದ. ಮೂರನೇದು ಸರಿಸಮ ಹೋಗ್ತಾ ಇತ್ತು. ಬಾಳ್ಳುಪೇಟೆಯೋನು ಒಬ್ಬ ಬೀಸಿ ಹೊಡೆದ. ತಡೆಯೋಕೆ ಭಾವ ಕೈಯೆತ್ತಿ ಹಾರಿದ್ರು. ಚೆಂಡು ಮೇಲಿಂದ ಹಾದು ಗೆರೆ ಆಚೆ ಎಲ್ಲೋ ಬಿತ್ತು. ಔಟ್ ಅಂತ ರೆಫ್ರಿ ಸೀಟಿ ಊದಿದ, ಪಾಯಿಂಟು ನಮಗೆ. ನಾವು ಬಾಯ್ತೆಗೆಯೋಷ್ಟರಲ್ಲಿ ಭಾವ ಕೈ ಎತ್ತಿದ್ರು.

"ಸಾರ್, ನನ್ನ ಬೆರಳಿಗೆ ತಾಗೈತೆ."

ರೆಫ್ರಿಗೂ ಕಂಡಿರ್ಲಿಲ್ಲ. ಬಾಳ್ಳುಪೇಟೆಯವ್ರಿಗೂ ಕಂಡಿರ್ಲಿಲ್ಲ. ಯಾರಿಗೂ ಕಾಣದೆ ಇರೋದನ್ನ ಹೇಳೋದು ಯಾಕೆ? ಕೈಗೆ ತಾಗಿ ಆಚೆ ಹೋದ್ರೆ ತಪ್ಪು ನಮ್ದೇ ಆಗ್ತದೆ, ಪಾಯಿಂಟು ಆ ಕಡೆ ಹೋಯ್ತು. ನಮ್ಮ ಗುಂಪು ಜೇನುಗೂಡಿಗೆ ಕಲ್ಲು ಹೊಡೆದಂಗಾಯ್ತು. "ಮಾರ್ಕಂಡ ಕಣ್ರೋ," ಅಂದ್ರು. "ಹುಟ್ಟಿದೂರಿನ ಋಣ ತೀರಿಸ್ತಾವ್ನೆ," ಅಂದ್ರು. ಹೆಂಗಸರ ಸಾಲಲ್ಲಿ ಸುಮಕ್ಕ ಕೂತಿದ್ಲು. ನೆಲ ನೋಡ್ತಿದ್ಲು. ಕಮಲತ್ತೆ ಬಂದಿರ್ಲಿಲ್ಲ, ಹಸ ಯಾರು ನೋಡ್ಕಬೇಕು?

ಗಣೇಶಣ್ಣ ಭಾವನ ಹತ್ರ ಹೋಗಿ, "ನಿಜ ತಾಗ್ತಾ?" ಅಂದಿದ್ದು ನಮಗೆ ಕೇಳ್ತು.

"ತಾಗ್ತು. ಸುಳ್ಳು ಹೇಳಿ ಗೆದ್ರೆ ನಿಮ್ಮ ಕಣ್ಣಿಗೆ ನಾನು ಏನಾಗಿ ಕಾಣ್ತೀನಿ?"

ಗಣೇಶಣ್ಣ ಮುಖ ಒರೆಸ್ಕಂಡು ಜಾಗಕ್ಕೆ ಹೋದ್ರು.

ಸ್ವಲ್ಪ ಹೊತ್ತಿಗೆ ಸರ್ವಿಸ್ ಭಾವಂದು ಬಂತು. ಬಗ್ಗಿ ಅಂಗೈ ನೆಲಕ್ಕೆ ಒತ್ತಿದ್ರು, ಕತ್ತಿನ ಹಿಂದೆ ಒರೆಸ್ಕಂಡ್ರು. ಆಗ ಆ ಕಡೆಯಿಂದ ಬಂತು ಸದ್ದು. ಕರ್ರ್, ಕರ್ರ್. ಬಾಳ್ಳುಪೇಟೆಯವ್ರು ಎರಡು ಹೊಸ ಜಿಂಕ್ ತಗಡು ತಂದಿದ್ರು. ಹಿಂದೆ ಇಡೀ ಲಾರಿ ಜನ, "ಉರುಳ್ತೋ, ಉರುಳ್ತೋ, ಸಿಲ್ವರ್ ಮರ ಉರುಳ್ತೋ." ಅದೇ ರಾಗ, ಅದೇ ಮಾತು. ಸ್ವಲ್ಪ ಹೊತ್ತಿಗೆ ಮುಂಚೆ ಪಾಯಿಂಟು ತಾನಾಗಿ ಕೊಟ್ಟ ಮನುಷ್ಯನಿಗೆ, ಅದೂ ತಮ್ಮದೇ ಊರಲ್ಲಿ ಹುಟ್ಟಿ ಬೆಳೆದೋರಿಗೆ.

ನನಗೆ ಮೊದಲು ಬಂದ ಯೋಚನೆ, ನಾಚಿಕೆ ಬಿಟ್ಟು ಹೇಳ್ತೀನಿ, "ಇವರು ನನಗಿಂತ ಚೆನ್ನಾಗಿ ಬಾರಿಸ್ತಾವ್ರಲ್ಲ" ಅಂತ. ಎರಡನೇದು, ಇಷ್ಟು ವರ್ಷ ನನ್ನ ಬಾಯಲ್ಲಿ ಅಷ್ಟು ಮಜವಾಗಿದ್ದ ಮಾತು ಬೇರೆಯವ್ರ ಬಾಯಲ್ಲಿ ಇಷ್ಟು ಕೆಟ್ಟದಾಗಿ ಕೇಳ್ತದೆ ಅಂತ ಗೊತ್ತೇ ಇರ್ಲಿಲ್ಲ. ಭಾವ ಚೆಂಡು ಹಿಡ್ಕಂಡು ನಿಂತಿದ್ರು. ಆ ತಗಡಿನ ಕಡೆ ನೋಡ್ಲಿಲ್ಲ. ನಮ್ಮ ಕಡೆ ನೋಡಿದ್ರು, ನಾವು ಯಾವಾಗ ಸೇರ್ಕತೀವಿ ಅನ್ನೋ ಥರ.

ಗಣೇಶಣ್ಣ ಕೈ ಅಡ್ಡ ಮಾಡಿ ರೆಫ್ರಿಗೆ, "ಒಂದ್ನಿಮಿಷ ಸಾರ್," ಅಂದ್ರು. ಸೀದಾ ಆ ಕಡೆ ಗೆರೆ ಹತ್ರ ನಡೆದ್ರು. ಜಗಳ ಆಗ್ತದೆ ಅಂತ ನಾನು ಚಪ್ಪಲಿ ಸರಿಯಾಗಿ ಹಾಕ್ಕಂಡೆ, ಓಡೋಕೆ ಅನುಕೂಲ ಆಗ್ಲಿ ಅಂತ.

"ಏನ್ರಪ್ಪ," ಅಂದ್ರು ಗಣೇಶಣ್ಣ, ಕೂಗ್ದೆ, ಆದ್ರೆ ಎಲ್ರಿಗೂ ಕೇಳೋ ಹಂಗೆ, "ಆ ಮರ ಈಗ ನಮ್ಮ ಬೇಲಿ ಒಳಗೈತೆ. ನಮ್ಮ ಮರಕ್ಕೆ ಗರಗಸ ಹಾಕೋಕೆ ನೀವ್ಯಾರು?"

ನಮ್ಮ ಸೀಮೇಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ತೋಟಗಳ ನಡುವೆ ಬೇಲಿ ಮರದ ಜಗಳ ಮೂರು ತಲೆಮಾರು ನಡೀತದೆ. ಆದ್ರೆ ಮರ ಯಾರ ಕಡೇದು ಅಂತ ಒಮ್ಮೆ ತೀರ್ಮಾನ ಆದ್ರೆ ಮುಗೀತು, ಇನ್ನೊಬ್ಬ ಅದರ ಕೊಂಬೆ ಮುಟ್ಟಂಗಿಲ್ಲ. ಆ ಕಡೆ ತಗಡು ನಿಂತೋಯ್ತು. ಈ ಕಡೆ ನಾಟಕ ಅಂತಿದ್ದೋನೇ ಮೊದಲು ಎದ್ದು ನಿಂತ. "ಹೌದು ಕಣ್ರೋ, ನಮ್ಮ ಮರ," ಅಂದ. ಆಮೇಲೆ ಇಡೀ ಊರು ಎದ್ದು ನಿಂತ್ಕಂತು.

ಇಂಥಾ ಹೊತ್ತಲ್ಲಿ ನಾನು ಸುಮ್ನಿರೋಕಾಗ್ತದಾ? ಜೀಪಿನ ಬಾನೆಟ್ ಹತ್ತಿ, "ಸಿಲ್ವರ್ ಮರ ಯಾರ್ದು?" ಅಂತ ಕೂಗ್ದೆ.

"ನಮ್ದು," ಅಂದ್ರು ಎಲ್ರೂ.

"ಹಬ್ಬಿರೋ ಮೆಣಸು ಯಾರ್ದು?"

"ನಮ್ದು."

"ಕೆಳಗಿನ ಕಾಫಿ ಯಾರ್ದು?"

ಹಿಂದಿನಿಂದ ಎಸ್ಟೇಟಿನ ಲೈನು ಮನೇಲಿರೋ ಒಬ್ಬ ಕೂಲಿಯೋನು, "ಅದು ಸಾಹುಕಾರ್ರದ್ದು," ಅಂದ. ಎಲ್ರೂ ನಕ್ಕುಬುಟ್ರು. ಭಾವಾನೂ ನಕ್ರು. ನಾನು ಮುಂದಿನ ಸಾಲು ಹುಡುಕ್ತಾ ಒಂದು ಹೆಜ್ಜೆ ಹಿಂದಿಟ್ಟೆ. ಬಾನೆಟ್ಟು ಅಲ್ಲಿಗೇ ಮುಗಿದಿತ್ತು. ಬಿದ್ದೆ. ಹಂಗಾಗಿ ಆ ಸರ್ವಿಸ್ ನಾನು ನೋಡ್ಲಿಲ್ಲ. ಎದುರು ಕಡೆಯೋರು ಯಾರೂ ಅಲ್ಲಾಡದೆ ನಿಂತಿದ್ದ ಹಂಗೇ ಚೆಂಡು ಅವರ ನಡುವೆ ಬಿತ್ತು ಅಂತ ಆಮೇಲೆ ಹೇಳಿದ್ರು.

ಕೊನೇಗೆ ಬಾಳ್ಳುಪೇಟೇನೇ ಗೆದ್ತು. ಗಣೇಶಣ್ಣ ಎತ್ತಿಕೊಟ್ಟ ಚೆಂಡನ್ನ ಭಾವ ನೆಟ್ಟಿಗೆ ಹೊಡೆದ್ರು, ಅಲ್ಲಿಗೆ ಆಟ ಮುಗೀತು. ನಾನು ಕಣ್ಣು ಮುಚ್ಕಂಡೆ. ಮಾರ್ಕಂಡ ಅನ್ನೋ ಮಾತು ಈಗ ಬತ್ತದೆ, ಈಗ ಬತ್ತದೆ ಅಂತ ಕಾಯ್ತಾ ಇದ್ದೆ. ಬರ್ಲಿಲ್ಲ. ಕಣ್ಣು ಬಿಟ್ಟು ನೋಡಿದ್ರೆ ಅವರಿಬ್ರೂ ನೆಟ್ಟಿನ ಹತ್ರ ನಿಂತು ಜಗಳ ಆಡ್ತಾವ್ರೆ.

"ನನ್ನ ಲಿಫ್ಟು ಕೆಳಗಾಯ್ತು."

"ಕೆಳಗೆಲ್ಲಾಯ್ತು? ನಾನು ಬೇಗ ಹಾರ್ಬುಟ್ಟೆ."

"ನೀನು ಸುಮ್ನಿರಯ್ಯ, ಚೆಂಡು ಬಿಟ್ಟಿದ್ದು ನನ್ನ ಕೈಯಿಂದ."

ಅಲ್ಲೀವರೆಗೆ ಗಣೇಶಣ್ಣ ಭಾವನ್ನ ಒಂದಿನಾನೂ ನೀನು ಅಂದಿರ್ಲಿಲ್ಲ. ಜೀಪಲ್ಲಿ ಆಲೂರಿಂದ ಹೊಸಕೋಟೆವರೆಗೂ ಅದೇ ಜಗಳ. ಗಣೇಶಣ್ಣ ಸ್ಟೇರಿಂಗ್ ಬಿಟ್ಟು ಎರಡೂ ಕೈಲಿ ಲಿಫ್ಟ್ ಮಾಡಿ ತೋರಿಸಿದ್ರಂತೆ. ಒಳಗಿದ್ದೋರು ದೇವರನ್ನ ನೆನೆಸ್ಕಂಡ್ರಂತೆ. ಭಾವನ ಪಕ್ಕ ಖಾಲಿ ಜಾಗ ಇರ್ಲಿಲ್ಲ, ಅವರ ತೊಡೆ ಮೇಲೇ ಒಬ್ಬ ಕೂತಿದ್ದ. ಹಿಂದೆ ಪಿಕಪ್‌ನಲ್ಲಿ ನಾವು ಎಷ್ಟು ಕೂಗ್ತಾ ಬಂದ್ವಿ ಅಂದ್ರೆ ಊರಲ್ಲಿದ್ದೋರು ಗೆದ್ದೇ ಬಂದ್ರು ಅಂದ್ಕಂಡು ಪಟಾಕಿ ಹಚ್ಚಿಬುಟ್ರು.

ಕಮಲತ್ತೆ ಬಾಗಿಲಿಗೆ ಬಂದು, "ಎಷ್ಟರಲ್ಲಿ ಗೆದ್ರೋ?" ಅಂದ್ರು.

"ಸೋತ್ವಿ ಅತ್ತೆ."

"ಮತ್ತೆ ಯಾಕೋ ಹಿಂಗೆ ಬಡ್ಕತಿದೀರಾ?"

ಭಾವ ಜೀಪಿಂದ ಇಳಿದು, ಯಾವಾಗಿನಂಗೆ ಬಗ್ಗಿ ಒಳಕ್ಕೆ ಹೋದ್ರು. ಸುಮಕ್ಕ ಹಿಂದೆ ಹೋದ್ಲು. ಆಗ ನನಗೆ ನೆನಪಾಯ್ತು, ಮ್ಯಾಚು ಮುಗಿದ ಮೇಲೆ ಹೊಂಟು ಹೋಗಾಣ ಅಂದಿದ್ರಲ್ಲ. ಮ್ಯಾಚು ಮುಗೀತು. ಒಂದಿನ ಕೂಗಿದ ತಕ್ಷಣ ಇಷ್ಟು ದಿನದ್ದು ತೊಳೆದು ಹೋಗ್ತದಾ? ನಮಗೇನೋ ಖುಷಿಯಾಗಿತ್ತು. ಅವರನ್ನ ಯಾರು ಕೇಳಿದ್ರು?

ಬೆಳಿಗ್ಗೆ ಎದ್ದೋನೇ ಅವರ ಮನೆ ಪಾತ್ರೆ ಒಂದು ಹುಡುಕ್ದೆ. ಏನಾದ್ರೂ ನೆಪ ಬೇಕಲ್ಲ. ಹಾಲು ತಂದಿದ್ದ ಚೊಂಬೊಂದು ಸಿಕ್ತು, ಹಿಡ್ಕಂಡು ಹೊಂಟೆ. ಬಸ್‌ಸ್ಟ್ಯಾಂಡ್ ಹತ್ರ ಹೋಗಿ ನೋಡಿದ್ರೆ ಪಂಕ್ಚರ್ ಅಂಗಡಿ ಬಾಗಿಲು ಹಾಕಿತ್ತು. ಅಲ್ಲಿಂದ ಅವರ ಮನೆಗೆ ಓಡ್ದೆ. ಕಮಲತ್ತೆ ಅಂಗಳಕ್ಕೆ ಸಗಣಿ ನೀರು ಹಾಕ್ತಾ ಇದ್ರು.

"ಅತ್ತೆ, ಚೊಂಬು."

"ಅದು ನಮ್ದಲ್ಲ."

"ಭಾವ ಎಲ್ಲಿ?"

"ಮೊದಲನೇ ಬಸ್ಸಿಗೆ ಹೋದ್ರು. ಬಾಳ್ಳುಪೇಟೆಗೆ."

ನಾನು ಚೊಂಬು ಹಿಡ್ಕಂಡು ಅಲ್ಲೇ ಕಟ್ಟೆ ಮೇಲೆ ಕುಸಿದೆ. ಅತ್ತೆ ಕೈ ತೊಳ್ಕಂಡು, ನನ್ನ ಮುಖ ಒಂದ್ಸಲ ನೋಡಿದ್ರು.

"ರಾತ್ರಿ ಊಟಕ್ಕೆ ಕೂತಾಗ ಕೇಳಿದ್ರು, ಹಳ್ಳದ ಬದೀಲಿ ಜಾಗ ಖಾಲಿ ಬಿದ್ದೈತಲ್ಲ, ಯಾಕೆ ಏನೂ ಹಾಕಿಲ್ಲ ಅಂತ. ಮಾಡೋರು ಯಾರಿದ್ರಪ್ಪ ಅಂದೆ. ಬೆಳಿಗ್ಗೆ ಎದ್ದು ಬಾಳ್ಳುಪೇಟೆ ನರ್ಸರಿಗೆ ಹೋಗಿ ಕಾಫಿ ಸಸಿ ಹೇಳಿ ಬತ್ತೀನಿ ಅಂತ ಹೊಂಟ್ರು." ಅತ್ತೆ ಸೆರಗಲ್ಲಿ ಮೂಗು ಒರೆಸ್ಕಂಡ್ರು. "ಸಸಿ ಇಟ್ರೆ ಫಸಲು ಕಾಣೋಕೆ ನಾಕು ವರ್ಷ ಬೇಕು ಕಣೋ. ಬಿಟ್ಟು ಹೋಗೋನು ಸಸಿ ಹೇಳೋಕೆ ಹೋಗ್ತಾನಾ? ಎದ್ದೇಳು ಮೇಲೆ. ಗುಂಡಿ ತೋಡೋಕೆ ನಿನ್ನೂ ಕರೆಯೋಕೆ ಹೇಳವ್ರೆ. ಹಾರೆ ತಗಂಡು ಬರ್ಬೇಕಂತೆ, ಬಾಯಿ ಮನೇಲಿಟ್ಟು ಬರ್ಬೇಕಂತೆ."